ಕಾರಿಗೆ ಹೊಸ ಟೈರ್: ಒಳ್ಳೆಯ ಅಂಗಡಿಯನ್ನು ಗುರುತಿಸುವ ಬಗೆ

ಕಾರಿನ ಟೈರ್ ಬದಲಿಸುವ ಕಾಲ ಬಂದಾಗ ಎಂ.ಆರ್.ಎಫ್. ಮೇಲೋ ಅಪೊಲೊ ಮೇಲೋ, ಬ್ರಿಜ್‌ಸ್ಟೋನ್‌ಗೆ ಹೋಗೋಣವೋ ಮಿಶೆಲಿನ್‌ಗೆ ಹೋಗೋಣವೋ ಎಂದು ನಾಲ್ಕು ದಿನ ಚರ್ಚಿಸುವ ನಾವು, ಅದನ್ನು ಎಲ್ಲಿ ಹಾಕಿಸಬೇಕೆಂಬುದನ್ನು ಮಾತ್ರ ಮನೆಗೆ ಹತ್ತಿರವಿರುವ ಅಂಗಡಿಯ ಬೋರ್ಡು ನೋಡಿ ಐದೇ ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತೇವೆ. ಹೆಸರಾಂತ ಕಂಪನಿಗಳ ಒಂದೇ ದರ್ಜೆಯ ಟೈರ್‌ಗಳ ನಡುವಿನ ವ್ಯತ್ಯಾಸಕ್ಕಿಂತ, ಒಂದೇ ಟೈರನ್ನು ಎಚ್ಚರದಿಂದ ಕೂರಿಸುವ ಅಂಗಡಿಗೂ ಅವಸರದಲ್ಲಿ ಕೂರಿಸಿ ಕಳುಹಿಸುವ ಅಂಗಡಿಗೂ ಇರುವ ವ್ಯತ್ಯಾಸವೇ ದೊಡ್ಡದು ಎಂಬುದು ನನ್ನ ಅನುಭವ.

ಈ ಪಾಠವನ್ನು ನಾನು ಹಣ ತೆತ್ತು ಕಲಿತೆ. 2021ರ ಜೂನ್‌ನಲ್ಲಿ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೊರಡಬೇಕಿದ್ದ ದಿನದ ಹಿಂದಿನ ಸಂಜೆ, ಮಳೆಗಾಲದಲ್ಲಿ ಸವೆದ ಟೈರ್ ಇಟ್ಟುಕೊಂಡು ಹೋಗುವುದು ಬೇಡವೆಂದು ಅಂಗಡಿಯೊಂದರಲ್ಲಿ ನಾಲ್ಕೂ ಟೈರ್ ಬದಲಿಸಿದೆ. ಅಂಗಡಿಯವರು ಕಾಫಿ ಕೊಟ್ಟು ಒಳಗೆ ಕೂರಿಸಿದರು, ಮುಕ್ಕಾಲು ಗಂಟೆಯಲ್ಲಿ ಕೀ ಕೈಗಿಟ್ಟರು. ಎಂಟು ತಿಂಗಳ ನಂತರ ಸಕಲೇಶಪುರದ ಹತ್ತಿರ ಪಂಕ್ಚರ್ ಆದಾಗ, ಚಕ್ರ ಬಿಚ್ಚಿ ಮಗುಚಿದ ಹುಡುಗ ಟೈರಿನ ಒಳಮಗ್ಗುಲಿನಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಅಚ್ಚಾಗಿದ್ದ 1118 ಎಂಬ ಅಂಕಿಯನ್ನು ಬೆರಳಿನಿಂದ ಒರೆಸಿ ತೋರಿಸಿ, “ಸಾರ್, ಇದು ಹಳೇ ಮಾಲು” ಎಂದ. 2018ನೇ ಇಸವಿಯ ಹನ್ನೊಂದನೇ ವಾರದಲ್ಲಿ ತಯಾರಾದ ಟೈರ್ ಎಂದು ಅದರ ಅರ್ಥ. ನಾನು ಹೊಸ ಟೈರಿನ ಪೂರ್ತಿ ಬೆಲೆ ಕೊಟ್ಟು, ಮೂರು ವರ್ಷ ಗೋದಾಮಿನಲ್ಲಿ ಕಳೆದಿದ್ದ ಸರಕನ್ನು ತಂದಿದ್ದೆ. ತಯಾರಿಕೆಯ ದಿನಾಂಕವಿರುವ ಪೂರ್ಣ ಸಂಕೇತವು ಹಲವು ಟೈರ್‌ಗಳಲ್ಲಿ ಒಂದೇ ಮಗ್ಗುಲಿಗೆ ಇರುವುದರಿಂದ, ಆ ಮಗ್ಗುಲು ಒಳಗಾಗುವಂತೆ ಕೂರಿಸಿದ ಮೇಲೆ ಅದು ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ. ನೋಡುವುದಿದ್ದರೆ ರಿಮ್‌ಗೆ ಏರಿಸುವ ಮುಂಚೆಯೇ ನೋಡಬೇಕು.

ಅಂಗಡಿ ಹುಡುಕುವ ಮೊದಲು ನಿಮಗೆ ಬೇಕಾದದ್ದೇನೆಂದು ನಿಮಗೇ ತಿಳಿದಿರಲಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ, ಇಲ್ಲವೇ ಕಾರಿನ ಕೈಪಿಡಿಯಲ್ಲಿ ಟೈರಿನ ಅಳತೆ ಮತ್ತು ಗಾಳಿಯ ಒತ್ತಡ ಎರಡೂ ಇರುತ್ತವೆ. 185/65 ಆರ್15 88ಎಚ್ ಎಂದಿದ್ದರೆ ಟೈರಿನ ಅಗಲ 185 ಮಿ.ಮೀ., ಎತ್ತರ ಆ ಅಗಲದ ಶೇ. 65, ರಿಮ್‌ನ ವ್ಯಾಸ 15 ಇಂಚು. 88 ಎಂಬುದು ಒಂದು ಟೈರ್ 560 ಕಿಲೋ ಭಾರ ಹೊರಬಲ್ಲದೆಂದೂ, ಎಚ್ ಎಂಬುದು ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳಬಲ್ಲದೆಂದೂ ಸೂಚಿಸುತ್ತವೆ. ಕೊನೆಯ ಆ ಎರಡನ್ನು ಗ್ರಾಹಕರು ಕೇಳುವುದಿಲ್ಲವೆಂದು ಕೆಲವು ಅಂಗಡಿಗಳು ಅಳತೆ ಹೊಂದಿದರೆ ಸಾಕೆಂದು ಕಡಿಮೆ ದರ್ಜೆಯದನ್ನು ಕೊಡುವುದುಂಟು. ಭಾರ ಮತ್ತು ವೇಗದ ಸೂಚಿಗಳು ಕಂಪನಿ ಹೇಳಿದ್ದಕ್ಕಿಂತ ಹೆಚ್ಚಿರಬಹುದು, ಕಡಿಮೆಯಾಗಬಾರದು. ಟೈರಿನ ಸಾಲುಗಳ ನಡುವೆ ಅಲ್ಲಲ್ಲಿ ಅಡ್ಡಲಾಗಿ ಉಬ್ಬಿದ ಸಣ್ಣ ಪಟ್ಟಿಗಳು ಸುತ್ತಲಿನ ರಬ್ಬರಿನ ಮಟ್ಟಕ್ಕೆ ಬಂದಿದ್ದರೆ ಅಲ್ಲಿ ಉಳಿದಿರುವ ಸಾಲಿನ ಆಳ 1.6 ಮಿ.ಮೀ. ಮಾತ್ರ, ಮತ್ತು ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿಗೆ ಅದೇ ಕನಿಷ್ಠ ಮಿತಿ. ಮಲೆನಾಡಿನ ಮಳೆಯಲ್ಲಿ ಓಡಾಡುವವರು ಆ ಮಿತಿಯವರೆಗೆ ಕಾಯದೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಕ್ಷೇಮ.

ಇನ್ನು ಅಂಗಡಿಗಳ ವಿಚಾರ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಂತಹ ಕಡೆ ವಾಹನದ ಬಿಡಿಭಾಗ ಮಾರುವವರು ಸಾಲಾಗಿರುವುದರಿಂದ ಚೌಕಾಸಿಗೆ ಅನುಕೂಲ, ಆದರೆ ಕಾರು ನಿಲ್ಲಿಸುವ ಜಾಗವೇ ಕಷ್ಟವಿರುವಲ್ಲಿ ಕೆಲಸವನ್ನು ನಿಧಾನವಾಗಿ ಮಾಡಿಸಿಕೊಳ್ಳುವುದು ಇನ್ನೂ ಕಷ್ಟ. ಒಂದೇ ಕಂಪನಿಯ ಹೆಸರು ಹೊತ್ತ ಮಳಿಗೆಗಳಲ್ಲಿ ಸರಕು ಸಾಮಾನ್ಯವಾಗಿ ಬೇಗ ಖರ್ಚಾಗುವುದರಿಂದ ಹೊಸ ದಿನಾಂಕದ ಟೈರ್ ಸಿಗುವ ಸಂಭವ ಹೆಚ್ಚು ಮತ್ತು ವಾರಂಟಿಯ ವ್ಯವಹಾರ ಸಲೀಸು, ಆದರೆ ಅಲ್ಲಿ ಹೋಲಿಸಿ ನೋಡಲು ಬೇರೆ ಕಂಪನಿಯ ಮಾಲು ಇರುವುದಿಲ್ಲ. ಹಲವು ಕಂಪನಿಗಳ ಟೈರ್ ಮಾರುವ ಹಳೆಯ ಅಂಗಡಿಗಳೇ ನನಗೆ ಇಷ್ಟ, ಏಕೆಂದರೆ ಅಲ್ಲಿನ ಮಾಲೀಕರಿಗೆ ನಿಮ್ಮ ಊರಿನ ರಸ್ತೆಯಲ್ಲಿ ಯಾವ ಟೈರಿನ ಮಗ್ಗುಲು ಬೇಗ ಉಬ್ಬುತ್ತದೆ, ಯಾವುದು ಸದ್ದು ಮಾಡುತ್ತದೆ ಎಂಬ ಲೆಕ್ಕ ಬಾಯಲ್ಲಿರುತ್ತದೆ. ಆನ್‌ಲೈನಿನಲ್ಲಿ ಕೊಂಡರೆ ಬೆಲೆ ಇಳಿಯಬಹುದು; ಆದರೂ ಕೂರಿಸುವುದಕ್ಕೆ ಯಾವುದಾದರೂ ಅಂಗಡಿಗೇ ಹೋಗಬೇಕು, ಮತ್ತು ತನ್ನಲ್ಲಿ ಕೊಳ್ಳದ ಟೈರನ್ನು ಕೂರಿಸುವವರ ಶ್ರದ್ಧೆ ಎಷ್ಟಿರುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಮೂರು ನಾಲ್ಕು ಅಂಗಡಿಗಳಿಗೆ ಮೊದಲು ಫೋನ್ ಮಾಡಿ, ಅಳತೆ, ಕಂಪನಿ, ಮಾದರಿಯ ಹೆಸರು ಮೂರನ್ನೂ ಹೇಳಿ ದರ ಕೇಳಿ. ಟೈರಿನ ದರವನ್ನು ಬಿಡಿಯಾಗಿ ಕೇಳುವುದಕ್ಕಿಂತ, ನಾಲ್ಕು ಟೈರ್, ಕೂರಿಸುವ ಕೂಲಿ, ಹೊಸ ವಾಲ್ವ್, ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲೂ ತೂಕವನ್ನು ಸಮ ಮಾಡುವುದು) ಹಾಗೂ ಅದಕ್ಕೆ ಹಾಕುವ ತೂಕದ ಬಿಲ್ಲೆಗಳು, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು), ತೆರಿಗೆ ಎಲ್ಲವೂ ಸೇರಿ ಎಷ್ಟಾಗುತ್ತದೆ ಎಂದು ಕೇಳುವುದು ಜಾಣತನ. ಟೈರಿಗೆ ಇನ್ನೂರು ರೂಪಾಯಿ ಕಡಿಮೆ ಹೇಳಿದವರು ಬ್ಯಾಲೆನ್ಸಿಂಗ್ ಬಿಲ್ಲೆಗಳನ್ನು ಗ್ರಾಂ ಲೆಕ್ಕದಲ್ಲಿ ಸೇರಿಸಿ ಅದನ್ನು ಹಿಂದಕ್ಕೆ ಪಡೆಯುವುದನ್ನು ನಾನು ಕಂಡಿದ್ದೇನೆ. ಕಾರಿನ ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಅಂದರೆ ತೆರಿಗೆ ಸೇರಿ 5,900 ರೂಪಾಯಿ ಬಿಲ್ಲಾಗುವ ಟೈರಿನಲ್ಲಿ 900 ರೂಪಾಯಿ ತೆರಿಗೆ. ಬಿಲ್ ಬೇಡವೆಂದರೆ ಇಷ್ಟು ಬಿಡುತ್ತೇನೆಂಬ ಮಾತು ಬರುವುದು ಇಲ್ಲಿಂದಲೇ. ಆ ಮಾತಾಡಿದ ಅಂಗಡಿಯನ್ನು ಪಟ್ಟಿಯಿಂದ ತೆಗೆಯಿರಿ, ಬಿಲ್ ಇಲ್ಲದ ಟೈರಿಗೆ ವಾರಂಟಿಯೂ ಇಲ್ಲ. ಹಳೆಯ ಟೈರ್‌ಗಳಿಗೆ ಎಷ್ಟು ಕಳೆಯುತ್ತೀರಿ ಎಂದೂ ಅದೇ ಫೋನಿನಲ್ಲಿ ಕೇಳಿಬಿಡಿ.

ಫೋನಿನಲ್ಲೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: “ನಿಮ್ಮಲ್ಲಿರುವ ಟೈರ್ ಯಾವ ವಾರದ್ದು?” ಒಳ್ಳೆಯ ಅಂಗಡಿಯವರು ಒಂದು ನಿಮಿಷ ಫೋನ್ ಹಿಡಿಯಲು ಹೇಳಿ, ಒಳಗೆ ಹೋಗಿ ನೋಡಿ ಬಂದು ನಾಲ್ಕಂಕಿ ಓದುತ್ತಾರೆ, ಉಳಿದವರು “ಎಲ್ಲಾ ಫ್ರೆಶ್ ಸ್ಟಾಕ್” ಎನ್ನುತ್ತಾರೆ. ಆರು ತಿಂಗಳೊಳಗಿನದು ಉತ್ತಮ, ಬಿಸಿಲು ಬೀಳದಂತೆ ಇಟ್ಟಿದ್ದ ಒಂದು ವರ್ಷದೊಳಗಿನದಕ್ಕೂ ಚಿಂತೆಯಿಲ್ಲ, ಅದಕ್ಕಿಂತ ಹಳೆಯದಾದರೆ ಬೆಲೆ ಇಳಿಸಿದರೂ ನಾನಂತೂ ಕೊಳ್ಳುವುದಿಲ್ಲ.

ಫೋನಿನಲ್ಲಿ ಗೆದ್ದ ಒಂದೆರಡು ಅಂಗಡಿಗಳಿಗೆ ವಾರದ ನಡುವಿನ ಒಂದು ಬೆಳಿಗ್ಗೆ, ಕೊಳ್ಳುವ ಉದ್ದೇಶವಿಲ್ಲದೆ ಸುಮ್ಮನೆ ಹೋಗಿ, ಬೇರೊಬ್ಬರ ಕಾರಿಗೆ ಟೈರ್ ಹಾಕುವುದನ್ನು ಹದಿನೈದು ನಿಮಿಷ ನಿಂತು ನೋಡಿ. ಈ ಒಂದು ಸಲಹೆಯನ್ನು ಪಾಲಿಸಿದರೆ ಈ ಲೇಖನದ ಅರ್ಧ ಓದದಿದ್ದರೂ ನಡೆಯುತ್ತದೆ. ಕೆಲಸ ಬಲ್ಲವನು ಹಳೆಯ ಟೈರ್ ಬಿಚ್ಚಿದ ಮೇಲೆ ರಿಮ್‌ನ ಅಂಚಿಗೆ ಹಿಡಿದಿರುವ ತುಕ್ಕು, ಮಣ್ಣುಗಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾನೆ. ಅದನ್ನು ಬಿಟ್ಟರೆ ಟ್ಯೂಬ್‌ಲೆಸ್ ಟೈರ್ ಅಲ್ಲಿಂದಲೇ ದಿನವೂ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತದೆ. ಹಳೆಯ ರಬ್ಬರ್ ವಾಲ್ವ್ ಕತ್ತರಿಸಿ ಹೊಸದನ್ನು ಎಳೆದು ಕೂರಿಸುತ್ತಾನೆ. ಟೈರಿನ ಅಂಚಿಗೆ ಸೋಪಿನಂಥ ಪೇಸ್ಟ್ ಸವರುತ್ತಾನೆ, ಅಲಾಯ್ ರಿಮ್ ಆಗಿದ್ದರೆ ಯಂತ್ರದ ಕೈಗೆ ಪ್ಲಾಸ್ಟಿಕ್ ಟೊಪ್ಪಿಗೆ ಇದೆಯೇ ಎಂದು ನೋಡಿಕೊಳ್ಳುತ್ತಾನೆ, ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಅಥವಾ ‘ಔಟ್‌ಸೈಡ್’ ಎಂದು ಬರೆದಿದ್ದರೆ ಅದರಂತೆಯೇ ಹಿಡಿಯುತ್ತಾನೆ. ಹೊಸ ಟೈರಿನ ಮಗ್ಗುಲಲ್ಲಿರುವ ಹಳದಿ ಚುಕ್ಕೆ ಅದರ ಅತಿ ಹಗುರವಾದ ಜಾಗವನ್ನು ತೋರಿಸುತ್ತದೆ. ಆ ಚುಕ್ಕೆಯನ್ನು ವಾಲ್ವ್‌ನ ನೇರಕ್ಕೆ ತಂದು ಕೂರಿಸುವವನನ್ನು ಕಂಡರೆ ನಿಮ್ಮ ಹುಡುಕಾಟ ಬಹುಮಟ್ಟಿಗೆ ಮುಗಿಯಿತೆಂದೇ ತಿಳಿಯಿರಿ.

ಬ್ಯಾಲೆನ್ಸಿಂಗ್ ಯಂತ್ರದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ಹಳೆಯ ಬಿಲ್ಲೆಗಳನ್ನೆಲ್ಲ ಕಿತ್ತುಹಾಕಿದ ನಂತರವೇ ಚಕ್ರವನ್ನು ಯಂತ್ರಕ್ಕೆ ಏರಿಸಬೇಕು. ಯಂತ್ರ ಹೇಳಿದಷ್ಟು ಗ್ರಾಂ ಅಂಟಿಸಿದ ಮೇಲೆ ಮತ್ತೊಮ್ಮೆ ತಿರುಗಿಸಿ ಎರಡೂ ಕಡೆ ಸೊನ್ನೆ ಬಂದದ್ದನ್ನು ನೋಡಬೇಕು, ಮತ್ತು ಅವಸರದ ಅಂಗಡಿಗಳು ಬಿಟ್ಟುಬಿಡುವುದು ಈ ಎರಡನೆಯ ಸುತ್ತನ್ನೇ. ಕೊನೆಗೆ ನಟ್‌ಗಳನ್ನು ಏರ್ ಗನ್‌ನಿಂದ ಕಿವುಡಾಗುವಷ್ಟು ಬಿಗಿದು ಕೈತೊಳೆದುಕೊಳ್ಳುತ್ತಾರೋ, ಅಥವಾ ಕಾರನ್ನು ನೆಲಕ್ಕಿಳಿಸಿ ಬಿಗಿಯನ್ನು ಅಳೆದು ತಿರುಗಿಸುವ ಪಾನಾ, ಅಂದರೆ ಟಾರ್ಕ್ ರೆಂಚ್‌ನಿಂದ ಎದುರುಬದುರಾಗಿ ಬಿಗಿಯುತ್ತಾರೋ ಎಂಬುದನ್ನು ಗಮನಿಸಿ. ಗನ್‌ನಿಂದ ಅತಿಯಾಗಿ ಬಿಗಿದ ನಟ್ಟನ್ನು ನಡುರಸ್ತೆಯಲ್ಲಿ ಕಾರಿನ ಜೊತೆ ಬಂದ ಪಾನಾದಿಂದ ಬಿಚ್ಚಲು ಹೋದವರಿಗೆ ಇದರ ಮಹತ್ವ ಗೊತ್ತಿರುತ್ತದೆ.

ಅಲೈನ್‌ಮೆಂಟ್ ಮಾಡಿದ ಮೇಲೆ ಮೊದಲಿನ ಮತ್ತು ನಂತರದ ಅಳತೆಗಳೆರಡೂ ಇರುವ ಮುದ್ರಿತ ಹಾಳೆ ಕೊಡುತ್ತಾರೆಯೇ ಎಂದು ವಿಚಾರಿಸಿ. ಈ ಹಂತದಲ್ಲೇ ಹೆಚ್ಚು ಎಚ್ಚರ ಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಅಂಗಡಿಯವರು ಸರಿಹೊಂದಿಸಲು ಸಾಧ್ಯವಿರುವುದು ಮುಂದಿನ ಚಕ್ರಗಳ ‘ಟೋ’, ಅಂದರೆ ಮೇಲಿನಿಂದ ನೋಡಿದಾಗ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ ಮಾತ್ರ. ಚಕ್ರದ ಓರೆ, ಅಂದರೆ ಕ್ಯಾಂಬರ್ ಮಿತಿ ಮೀರಿದ್ದರೆ ಅದಕ್ಕೆ ಕಾರಣವಾದ ಭಾಗ ಬಾಗಿದೆ ಅಥವಾ ಸವೆದಿದೆ ಎಂದರ್ಥ, ಅದನ್ನು ಬದಲಿಸಬೇಕಾಗುತ್ತದೆ. ಹಾಗಿದ್ದೂ ಪರದೆಯ ಮೇಲಿನ ಕೆಂಪು ಅಂಕಿ ತೋರಿಸಿ “ಕ್ಯಾಂಬರ್ ಔಟ್ ಇದೆ” ಎಂದು ಹೆದರಿಸಿ, ಹೈಡ್ರಾಲಿಕ್ ಉಪಕರಣದಿಂದ ಚಕ್ರವನ್ನು ಹಿಡಿದಿರುವ ಸಸ್ಪೆನ್ಶನ್ ಕಂಬವನ್ನೇ (ಸ್ಟ್ರಟ್) ಬಗ್ಗಿಸಿ ಅಂಕಿಯನ್ನು ಹಸಿರು ಮಾಡಿ ಹಣ ಪಡೆಯುವ ಪದ್ಧತಿಯೊಂದಿದೆ. ಅದನ್ನು ಒಪ್ಪದೆ, ಹಾಳೆಯನ್ನು ತೆಗೆದುಕೊಂಡು ಕಾರಿನ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತೋರಿಸುವುದು ಒಳಿತು. ನೈಟ್ರೋಜನ್ ಹಾಕಿಸಲೇಬೇಕೆಂದು ಒತ್ತಾಯಿಸಿದರೆ ನಕ್ಕು ಸುಮ್ಮನಿರಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ಅದಿದೆ.

ಅಂಗಡಿಯವರ ತಿಳಿವಳಿಕೆಯನ್ನು ಅಳೆಯಲು ನಾನು ಬಳಸುವ ಒಂದು ಪ್ರಶ್ನೆಯೂ ಇದೆ. “ಎರಡೇ ಟೈರ್ ಕೊಂಡರೆ ಮುಂದೆ ಹಾಕುತ್ತೀರೋ ಹಿಂದೆಯೋ?” ಎಂದು ಕೇಳಿ. ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರಗಳೇ, ಆದ್ದರಿಂದ ಹೊಸದು ಮುಂದೆ ಎಂದು ತಟ್ಟನೆ ಉತ್ತರಿಸುವವರೇ ಹೆಚ್ಚು. ಟೈರ್ ಕಂಪನಿಗಳು ಹೇಳುವುದು ಇದಕ್ಕೆ ವಿರುದ್ಧ. ನೀರು ನಿಂತ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಸರಿಯುತ್ತದೆ, ವೇಗ ತಗ್ಗಿಸಿದಾಗ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ತಿರುಗಿ ನಿಲ್ಲುತ್ತದೆ, ಚಾರ್ಮಾಡಿಯಂತಹ ಘಾಟಿಯ ತಿರುವಿನಲ್ಲಿ ಅದನ್ನು ಸಾವರಿಸುವುದು ಸಾಮಾನ್ಯ ಚಾಲಕರ ಕೈಯಲ್ಲಾಗುವ ಕೆಲಸವಲ್ಲ. ಹಾಗಾಗಿ ಆಳ ಹೆಚ್ಚಿರುವ ಟೈರ್ ಹಿಂದೆ ಇರಬೇಕು. ಸರಿಯಾದ ಉತ್ತರದ ಜೊತೆಗೆ ಕಾರಣವನ್ನೂ ಹೇಳಿದ ಅಂಗಡಿಗೆ ನಾನು ನೂರಿನ್ನೂರು ಹೆಚ್ಚು ಕೊಡಲು ಹಿಂಜರಿಯುವುದಿಲ್ಲ.

ಅಂಗಡಿ ನಿಶ್ಚಯವಾಗಿ ಟೈರ್ ಹೊರಬಂದಾಗ ನಾಲ್ಕರ ಮೇಲೂ ಒಂದೇ ಅಳತೆ, ಒಂದೇ ಮಾದರಿ, ಹತ್ತಿರ ಹತ್ತಿರದ ವಾರಗಳು ಇವೆಯೇ ಎಂದು ನೋಡಿ, ಐ.ಎಸ್. 15633 ಎಂಬ ಸಂಖ್ಯೆಯೊಡನೆ ಐಎಸ್‌ಐ ಗುರುತು ಇರಬೇಕು. ಮೂರು ಹೊಸದರ ಜೊತೆ ಒಂದು ಹಳೆಯದನ್ನು ಸೇರಿಸುವುದೂ ಉಂಟು, ಆದ್ದರಿಂದ ಒಂದನ್ನೇ ನೋಡಿ ತೃಪ್ತರಾಗಬೇಡಿ. ಪ್ರತಿಯೊಂದರ ನಾಲ್ಕಂಕಿಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಮುಂದೆ ಮಾತಿಗೆ ಅವಕಾಶವಿರುವುದಿಲ್ಲ. ಬಿಲ್ಲಿನಲ್ಲಿ ಟೈರಿನ ಕ್ರಮಸಂಖ್ಯೆಗಳು, ಕಾರಿನ ನೋಂದಣಿ ಸಂಖ್ಯೆ ಮತ್ತು ಅಂದಿನ ಓಡೋಮೀಟರ್ ಅಂಕಿ ಬರೆಸಿಕೊಳ್ಳಿ. ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯಿಸುವ ವಾರಂಟಿಯಲ್ಲಿ ಕಂಪನಿಯ ಪ್ರತಿನಿಧಿ ಪರೀಕ್ಷಿಸಿ, ಉಳಿದಿರುವ ಆಳಕ್ಕೆ ತಕ್ಕಷ್ಟು ಹಣವನ್ನು ಹೊಸ ಟೈರಿನ ಬೆಲೆಯಲ್ಲಿ ಕಳೆಯುವುದು ವಾಡಿಕೆ. ಗುಂಡಿಗೆ ಬಿದ್ದು ಮಗ್ಗುಲು ಉಬ್ಬಿದ್ದನ್ನು ಸಾಮಾನ್ಯವಾಗಿ ದೋಷವೆಂದು ಒಪ್ಪುವುದಿಲ್ಲ. ನಮ್ಮ ರಸ್ತೆಗಳಲ್ಲಿ ಟೈರ್ ಸಾಯುವುದು ಬಹುಪಾಲು ಹಾಗೆಯೇ ಆದ್ದರಿಂದ, ಅಂಥ ಹಾನಿಗೂ ಒಂದು ವರ್ಷದ ಮಟ್ಟಿಗೆ ರಕ್ಷಣೆ ನೀಡುವ ಯೋಜನೆ ನೀವು ಕೊಳ್ಳುವ ಮಾದರಿಗೆ ಇದೆಯೇ ಎಂದು ಕೇಳಿ, ಇದ್ದರೆ ಅಂಗಡಿಯಲ್ಲೇ ನೋಂದಣಿ ಮಾಡಿಸಿಕೊಂಡು ಹೊರಡಿ. ಹಣ ಪಡೆದು ಹಳೆಯ ಮಾಲು ಕೊಟ್ಟವರು ಬದಲಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಬಿಲ್ ಮತ್ತು ಫೋಟೋ ಉಪಯೋಗಕ್ಕೆ ಬರುವುದು ಆಗಲೇ.

ಹೊಸ ಟೈರ್ ಹಾಕಿಸಿದ ಮೊದಲ ಒಂದೆರಡು ನೂರು ಕಿಲೋಮೀಟರ್‌ಗಳಲ್ಲಿ ರಬ್ಬರಿನ ಮೇಲ್ಮೈಯ ನುಣುಪು ಹೋಗಿರುವುದಿಲ್ಲವಾದ್ದರಿಂದ ಬ್ರೇಕನ್ನು ಜೋರಾಗಿ ಒತ್ತುವ ಸಂದರ್ಭ ತಂದುಕೊಳ್ಳಬೇಡಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಅದೇ ಅಂಗಡಿಗೆ ಹೋಗಿ ನಟ್‌ಗಳ ಬಿಗಿ ಮತ್ತು ಗಾಳಿಯ ಒತ್ತಡವನ್ನು ಇನ್ನೊಮ್ಮೆ ನೋಡಲು ಹೇಳಿ, ಸ್ಟೆಪ್ನಿಯದನ್ನೂ ಮರೆಯದಿರಿ. ಅದಕ್ಕೆ ಮುಖ ಸಿಂಡರಿಸದೆ ಕಾರನ್ನು ಒಳಗೆ ತರಿಸಿಕೊಂಡರೆ, ಎಂಟು ಹತ್ತು ಸಾವಿರ ಕಿಲೋಮೀಟರ್ ಆದಾಗ ಟೈರ್‌ಗಳನ್ನು ಹಿಂದುಮುಂದು ಬದಲಿಸುವ ಕೆಲಸಕ್ಕೂ ಅವರಲ್ಲಿಗೇ ಹೋಗಬಹುದು.