ಪಿಕಪ್ ಗಾಡಿಯ ಮುಂದಿನ ಆಕ್ಸಲ್ ಶಾಫ್ಟ್‌ಗಳನ್ನು ಬಲಪಡಿಸುವ ಕ್ರಮ

ಫೋರ್ ವೀಲ್ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ ಶಾಫ್ಟ್ ನೇರ ದಾರಿಯಲ್ಲಿ ಮುರಿಯುವುದು ಅಪರೂಪ. ಹರಿಹರ, ದಾವಣಗೆರೆ ಕಡೆಯ ಹಸಿ ಎರೆಹೊಲದಲ್ಲಿ ಗಿರ್ರನೆ ಸುತ್ತುತ್ತಿದ್ದ ಚಕ್ರಕ್ಕೆ ಬದುವಿನ ಕಲ್ಲು ತಗುಲಿ ಒಮ್ಮೆಲೇ ಹಿಡಿತ ಸಿಕ್ಕಾಗ, ಅಥವಾ ಚಿತ್ರದುರ್ಗದ ಕಲ್ಲುಗುಡ್ಡದ ಏರಿನಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿಕೊಂಡೇ ಆಕ್ಸಿಲರೇಟರ್ ಒತ್ತಿದಾಗ ಅದು ಕೈಕೊಡುತ್ತದೆ. ಎರಡನೆಯದಕ್ಕೆ ಕಾರಣ, ಒಳಶಾಫ್ಟನ್ನೂ ಚಕ್ರದ ಕಡೆಯ ಹೊರಶಾಫ್ಟನ್ನೂ ಬಾಗುವಂತೆ ಜೋಡಿಸುವ ಯೂನಿವರ್ಸಲ್ ಜಾಯಿಂಟಿನ ಸ್ವಭಾವದಲ್ಲೇ ಇದೆ. 35 ಡಿಗ್ರಿ ಬಾಗಿದ ಜಾಯಿಂಟ್, ಒಳಶಾಫ್ಟ್ ಸಮವೇಗದಲ್ಲಿ ಸುತ್ತುತ್ತಿದ್ದರೂ, ಹೊರಶಾಫ್ಟನ್ನು ಒಂದೇ ಸುತ್ತಿನೊಳಗೆ ಎರಡು ಬಾರಿ ಸುಮಾರು ಶೇ 22ರಷ್ಟು ವೇಗವಾಗಿಯೂ ಎರಡು ಬಾರಿ ಶೇ 18ರಷ್ಟು ನಿಧಾನವಾಗಿಯೂ ತಿರುಗಿಸುತ್ತದೆ. ಈ ಏರಿಳಿತದ ಹೊಡೆತ ತಿನ್ನುವುದು ಜಾಯಿಂಟಿನ ನಡುವೆ ಇರುವ, ಕೂಡುವ ಗುರುತಿನ ಆಕಾರದ ಕ್ರಾಸ್ ಮತ್ತು ಅದನ್ನು ಹಿಡಿದಿರುವ ಯೋಕಿನ (ಶಾಫ್ಟ್ ತುದಿಯ ಕವೆಯ) ಕಿವಿಗಳು.

ಇಲ್ಲಿ ಹೇಳುವ ಕ್ರಮ ಮುಂಭಾಗದಲ್ಲಿ ಇಡಿಯಾದ ಆಕ್ಸಲ್ ಹೌಸಿಂಗ್, ತೆರೆದ ನಕಲ್ (ಸ್ಟೀರಿಂಗ್ ಜೊತೆ ತಿರುಗುವ ಗೆಣ್ಣು), ಸ್ಪಿಂಡಲ್ (ಹಬ್ ಕೂರುವ ಟೊಳ್ಳು ಕೊಳವೆ) ಮತ್ತು ಲಾಕಿಂಗ್ ಹಬ್ (ಬೇಕಾದಾಗ ಶಾಫ್ಟನ್ನು ಚಕ್ರಕ್ಕೆ ಜೋಡಿಸುವ ಭಾಗ) ಇರುವ ಗಾಡಿಗಳಿಗೆ ಸಂಬಂಧಿಸಿದ್ದು. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಲ್ಲಿ ಸ್ವತಂತ್ರ ಸಸ್ಪೆನ್ಷನ್ ಮತ್ತು ಬಾಗಿದರೂ ಸಮವೇಗದಲ್ಲೇ ತಿರುಗಿಸುವ ಸಿ.ವಿ. ಜಾಯಿಂಟ್ ಇರುವುದರಿಂದ ಅವುಗಳ ದಾರಿಯೇ ಬೇರೆ; ಮುಂಭಾಗವನ್ನು ಮಿತಿಮೀರಿ ಎತ್ತರಿಸಿ ಜಾಯಿಂಟನ್ನು ಸದಾ ಬಾಗಿಸಿಟ್ಟರೆ ಅಲ್ಲಿ ಎಷ್ಟು ದುಬಾರಿ ಶಾಫ್ಟ್ ಹಾಕಿದರೂ ಬಾಳಿಕೆ ಬರುವುದಿಲ್ಲ.

ಕ್ರೋಮೋಲಿ ಎಂದು ಮಾರುವ ಒಳ್ಳೆಯ ಶಾಫ್ಟ್‌ಗಳು ಸಾಮಾನ್ಯವಾಗಿ 4340 ದರ್ಜೆಯ ಉಕ್ಕಿನವು. ಶೇ 0.4ರಷ್ಟು ಇಂಗಾಲದ ಜೊತೆಗೆ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿರುವ ಈ ಉಕ್ಕಿಗೆ ಸಮನಾದುದನ್ನು ನಮ್ಮ ಲೇತ್ ಅಂಗಡಿಗಳಲ್ಲಿ ಇಎನ್ 24 ಎನ್ನುತ್ತಾರೆ. ಹಾಗೆಂದು ಇಎನ್ 24 ಸರಳು ತಂದು ಇಲ್ಲೇ ಶಾಫ್ಟ್ ಮಾಡಿಸುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಹರಿಹರ ಒಂದು ಕಾಲಕ್ಕೆ ಲೇತ್‌ಗಳನ್ನೇ ತಯಾರಿಸುತ್ತಿದ್ದ ಊರು, ಕೈಕೆಲಸದ ಬಗ್ಗೆ ಅನುಮಾನವಿಲ್ಲ. ಆದರೆ ಯೋಕಿನ ಕಿವಿಗೆ ಬಲ ಬರುವುದು ಕಾದ ಉಕ್ಕನ್ನು ಒತ್ತಿ ರೂಪಿಸುವ ಫೋರ್ಜಿಂಗ್‌ನಿಂದ, ಶಾಫ್ಟಿಗೆ ಬಲ ಬರುವುದು ಸರಿಯಾಗಿ ಕಾಯಿಸಿ ತಣಿಸಿ ಹದ ಹಾಕುವಿಕೆಯಿಂದ. ಹದ ಕಾಣದ ಇಎನ್ 24, ಕಂಪನಿಯಿಂದ ಬಂದ ಸಾಧಾರಣ ಶಾಫ್ಟಿಗಿಂತ ಮೊದಲೇ ತಿರುಚಿಕೊಳ್ಳಬಹುದು.

ಲೋಹದಷ್ಟೇ ಮುಖ್ಯವಾದದ್ದು ದಪ್ಪ, ಏಕೆಂದರೆ ತಿರುಚುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಡೇನಾ ಕಂಪನಿಯ 44 ಮಾದರಿ ಆಕ್ಸಲ್‌ನ 30 ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲು) ಶಾಫ್ಟ್ ಸುಮಾರು 33 ಮಿ.ಮೀ., ಡೇನಾ 60ರ 35 ಸ್ಪ್ಲೈನ್ ಶಾಫ್ಟ್ ಸುಮಾರು 38 ಮಿ.ಮೀ. ದಪ್ಪವಿರುತ್ತವೆ, ಲೋಹ ಒಂದೇ ಆದರೂ ಎರಡನೆಯದು ಒಂದೂವರೆ ಪಟ್ಟು ಗಟ್ಟಿ. ಆದರೆ ಸ್ಪ್ಲೈನ್ ಸಂಖ್ಯೆ ಬದಲಾದರೆ ಎಡಬಲದ ಶಾಫ್ಟ್‌ಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನಲ್ಲಿ ಅವುಗಳ ತುದಿ ಕೂರುವ ಸೈಡ್ ಗೇರುಗಳೂ ಬದಲಾಗಬೇಕು. ಇನ್ನೊಂದು ಮಾತು: ಶಾಫ್ಟ್ ಗಟ್ಟಿಯಾದರೆ ಹೊಡೆತ ಡಿಫರೆನ್ಷಿಯಲ್‌ನ ಮುಖ್ಯ ಗೇರುಗಳಾದ ಕ್ರೌನ್ ಮತ್ತು ಪಿನಿಯನ್‌ವರೆಗೆ ಹೋಗುತ್ತದೆ. ಹೊಲದ ನಡುವೆ ಬಿಚ್ಚಿ ಹಾಕಬಹುದಾದ ಲಾಕಿಂಗ್ ಹಬ್ಬನ್ನೇ ದುರ್ಬಲ ಕೊಂಡಿಯಾಗಿ ಉಳಿಸಿಕೊಳ್ಳುವುದು ಜಾಣತನ.

ಹೊಸ ಶಾಫ್ಟ್ ಬಂದ ಕೂಡಲೇ ಹಳೆಯದನ್ನು ಪಕ್ಕಕ್ಕಿಟ್ಟು ಒಟ್ಟು ಉದ್ದ, ಸ್ಪ್ಲೈನಿನ ಉದ್ದ ಮತ್ತು ಆಯಿಲ್ ಸೀಲ್ ಕೂರುವ ನಯವಾದ ಭಾಗ ಎಲ್ಲಿದೆ ಎಂಬುದನ್ನು ವರ್ನಿಯರ್‌ನಿಂದ ಅಳೆಯಬೇಕು. ಡಿಫರೆನ್ಷಿಯಲ್ ನಡುಮಧ್ಯದಲ್ಲಿ ಇರುವುದಿಲ್ಲವಾದ್ದರಿಂದ ಎಡಬಲದ ಒಳಶಾಫ್ಟ್‌ಗಳ ಉದ್ದ ಬೇರೆ ಬೇರೆ.

ಬಿಚ್ಚುವ ಕೆಲಸವನ್ನು ಗಟ್ಟಿ ನೆಲದ ಮೇಲೆ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡ್ ಇಟ್ಟು ಮಾಡಬೇಕು. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ತೂಗುಹಾಕಿ, ಲಾಕಿಂಗ್ ಹಬ್, ನಟ್‌ಗಳು, ಬೇರಿಂಗ್ ಸಮೇತ ಹಬ್ ಮತ್ತು ಕೊನೆಗೆ ಸ್ಪಿಂಡಲ್ ಬಿಚ್ಚಬೇಕು. ತುಕ್ಕು ಹಿಡಿದ ಸ್ಪಿಂಡಲ್‌ಗೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಸುತ್ತಿಗೆ ಸಾಕು. ಆಮೇಲೆ ಶಾಫ್ಟ್ ಕೈಗೇ ಬರುತ್ತದೆ.

ತಾಳ್ಮೆ ಬೇಕಾದದ್ದು ಕ್ರಾಸ್ ಕೂರಿಸುವಾಗ. ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಕಪ್ಪಿನೊಳಗಿನ ಸೂಜಿಯಂಥ ರೋಲರ್‌ಗಳು ಗ್ರೀಸಿನಲ್ಲಿ ನಿಂತಿರುತ್ತವೆ. ಒಂದು ಅಡ್ಡಬಿದ್ದರೂ ಕಪ್ ಪೂರ್ತಿ ಒಳಗೆ ಹೋಗದೆ ಅದನ್ನು ಹಿಡಿದಿಡುವ ಸರ್ಕ್ಲಿಪ್ಪಿನ ತೋಡು ಅರ್ಧ ಮುಚ್ಚಿಯೇ ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ಬೆಂಚ್ ವೈಸನ್ನು ಇನ್ನಷ್ಟು ಬಿಗಿಯದೆ ಕಪ್ ಹೊರತೆಗೆದು ನೋಡಬೇಕು. ಕಪ್ಪಿನ ಅಂಚಿಗಿಂತ ತುಸು ಚಿಕ್ಕದಾದ ಸಾಕೆಟ್ ಇಟ್ಟು, ಕ್ರಾಸಿನ ತುದಿಯನ್ನು ಕಪ್ಪಿನೊಳಗೆ ನೇರವಾಗಿ ಹಿಡಿದುಕೊಂಡೇ ಒತ್ತುವುದು ಸರಿಯಾದ ಕ್ರಮ. ಎರಡೂ ಕ್ಲಿಪ್ ಕೂತ ಮೇಲೆ ಯೋಕಿನ ಕಿವಿಗೆ ಮೆತ್ತನೆಯ ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟರೆ ಬಿಗಿ ಸಡಿಲಿ ಕ್ರಾಸ್ ಕೈಯಲ್ಲಿ ಸರಾಗವಾಗಿ ಆಡುತ್ತದೆ. ಯೋಕಿನಲ್ಲಿ ಅವಕಾಶವಿದ್ದರೆ ಅರ್ಧ ಬಳೆಯ ಕ್ಲಿಪ್‌ಗಿಂತ ಪೂರ್ತಿ ಸುತ್ತಿನ ಸರ್ಕ್ಲಿಪ್ಪನ್ನೇ ಹಾಕಬೇಕು, ಏಕೆಂದರೆ ಭಾರಕ್ಕೆ ಕಿವಿಗಳು ತುಸು ಅಗಲವಾದಾಗ ಮೊದಲು ಹಾರಿಹೋಗುವುದು ಅರ್ಧ ಬಳೆಯದೇ.

ಸೀಲಿನ ತುಟಿಗೆ ಎಣ್ಣೆ ಸವರಿ, ಶಾಫ್ಟನ್ನು ಅದರ ಮೇಲೆ ಎಳೆಯದೆ, ಕೈಯಲ್ಲಿ ಎತ್ತಿ ಹಿಡಿದು ಒಳಗೆ ಸೇರಿಸಬೇಕು. ಹಲವು ಡೇನಾ ಆಕ್ಸಲ್‌ಗಳಲ್ಲಿ ಈ ಸೀಲ್ ಡಿಫರೆನ್ಷಿಯಲ್‌ನ ಪಕ್ಕದಲ್ಲೇ ಇರುತ್ತದೆ. ಹರಿದರೆ ಡಿಫರೆನ್ಷಿಯಲ್ಲನ್ನೇ ಇಳಿಸುವ ಕೆಲಸ ಮೈಮೇಲೆ ಬರುತ್ತದೆ. ಸ್ಪಿಂಡಲ್ ಒಳಗಿನ ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ಹಬ್ ಬೇರಿಂಗಿನ ಬಿಗಿತವನ್ನು ಗಾಡಿಯ ಕೈಪಿಡಿಯಲ್ಲಿರುವಂತೆ ಟಾರ್ಕ್ ರೆಂಚಿನಲ್ಲಿ ಹಿಡಿಯಬೇಕು. ಚಕ್ರ ಹಾಕುವ ಮೊದಲು ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಬ್ ಲಾಕ್ ಮಾಡಿ, ಶಾಫ್ಟನ್ನು ಕೈಯಿಂದ ಸುತ್ತಿ ನೋಡುವುದು ಕಡ್ಡಾಯ. ದಪ್ಪ ಕಿವಿಯ ಯೋಕ್ ನಕಲ್‌ಗೆ ಉಜ್ಜುತ್ತಿದ್ದರೆ ಸ್ಟೀರಿಂಗ್ ಸ್ಟಾಪ್ ಬೋಲ್ಟನ್ನು ತುಸು ಹೊರಗೆ ತಿರುಗಿಸಿ ಕೋನವನ್ನು ಕಡಿಮೆ ಮಾಡಬೇಕು. ತಿರುವಿನ ಸುತ್ತಳತೆ ಸ್ವಲ್ಪ ದೊಡ್ಡದಾಗುತ್ತದೆ, ಜಾಯಿಂಟಿನ ಆಯುಸ್ಸೂ ಹೆಚ್ಚುತ್ತದೆ.

ಮೊದಲ ಓಟ ಮಣ್ಣಿನ ದಾರಿಯಲ್ಲೇ ಇರಲಿ, ಹೆದ್ದಾರಿ 48ರ ಡಾಂಬರಿನ ಮೇಲೆ ಫೋರ್ ವೀಲ್ ಹಾಕುವುದು ಬೇಡ. ತಿರುವಿನಲ್ಲಿ ಟಕ್ ಟಕ್ ಸದ್ದು ಬಂದರೆ ನಿಲ್ಲಿಸಿ ಸರ್ಕ್ಲಿಪ್ ನೋಡಬೇಕು. ವಾಪಸು ಬಂದ ಮೇಲೆ ನಕಲ್‌ನ ಒಳಬದಿಯಲ್ಲಿ ಗೇರ್ ಎಣ್ಣೆಯ ಜಿಡ್ಡಿದೆಯೇ ಎಂದು ಪರೀಕ್ಷಿಸಬೇಕು. ಹಳೆಯ ಶಾಫ್ಟ್‌ಗಳು ನೆಟ್ಟಗಿದ್ದರೆ ಗುಜರಿಗೆ ಹಾಕದೆ, ಕ್ರಾಸ್ ಕೂರಿಸಿ, ಸ್ಪ್ಲೈನಿಗೆ ಗ್ರೀಸ್ ಬಳಿದು, ಹಳೆಯ ಟ್ಯೂಬಿನಲ್ಲಿ ಸುತ್ತಿ ಗಾಡಿಯ ಹಿಂಭಾಗದಲ್ಲಿ ಕಟ್ಟಿಟ್ಟುಕೊಳ್ಳಬಹುದು.