ಬೀಸೋಕಲ್ಲಿಗೆ ಮೈಕ್ ಹಚ್ಚಿದ ಮೇಲೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮಹಡಿ ಕೋಣೆಗೆ ಭಾನುವಾರ ನಾಲ್ವರು ಸೇರುತ್ತೇವೆ. ಒಬ್ಬರದು ಘಟ, ಒಬ್ಬರದು ಪಿಟೀಲು, ಒಬ್ಬರು ಹಾಡುತ್ತಾರೆ. ನನ್ನದು ಲ್ಯಾಪ್‌ಟಾಪ್ ಮತ್ತು ಅಜ್ಜಿಯ ಬೀಸೋಕಲ್ಲು. ರಾಗ, ತಾಳ ಮೊದಲೇ ಗೊತ್ತುಮಾಡಿಕೊಳ್ಳುವುದಿಲ್ಲ.

ಕೆಳಗಿನ ಕಲ್ಲಿಗೆ 27 ಮಿ.ಮೀ. ಅಗಲದ ಪೀಜೋ ಬಿಲ್ಲೆ ಅಂಟಿಸಿದ್ದೇನೆ. ಅದು ಕಲ್ಲಿನ ಮೈಯ ನಡುಕವನ್ನೇ ಹಿಡಿದು ವಿದ್ಯುತ್ತಾಗಿಸುತ್ತದೆ. ಮೊದಲು ನೇರವಾಗಿ ಲ್ಯಾಪ್‌ಟಾಪಿನ ಮೈಕ್ ಇನ್‌ಪುಟ್‌ಗೆ ಸಿಕ್ಕಿಸಿದೆ; ತಗಡು ಕೆರೆದ ಹಾಗೆ ಕೇಳಿಸಿತು, ಗುಡುಗು ಮಾಯ. ಇನ್‌ಪುಟ್ ಇಂಪೀಡೆನ್ಸ್, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ, ಕಡಿಮೆಯಿದ್ದರೆ ಪೀಜೋದ ತಗ್ಗಿನ ನಾದವೆಲ್ಲ ಸೋರಿಹೋಗುತ್ತದೆ. ಅದಕ್ಕೇ ಎಫ್‌ಇಟಿ ಎಂಬ ಒಂದೇ ಟ್ರಾನ್ಸಿಸ್ಟರಿನ, 10 ಮೆಗಾಓಮ್‌ನಷ್ಟು ದೊಡ್ಡ ತಡೆಯ ಇನ್‌ಪುಟ್ ಇರುವ ಪುಟ್ಟ ಪ್ರೀಆಂಪ್ (ಮೊದಲ ಹಂತದ ವರ್ಧಕ) ಬೆಸುಗೆ ಹಾಕಿದೆ. ಒಂದು ಹಿಡಿ ರಾಗಿ ಸುರಿದು ಗೂಟ ಹಿಡಿದು ತಿರುಗಿಸಿದೆ. ಕಾಳು ಒಡೆಯುವ ಚಿಟಿಚಿಟಿ, ಅದರ ಕೆಳಗೆ ಗುಡುಗು. ಹಿಟ್ಟಾಗುತ್ತ ಚಿಟಿಚಿಟಿ ಮೆತ್ತಗಾಗಿ ಉಸಿರಿನಂತಾಯಿತು. ಮೈ ಜುಮ್ಮೆಂದಿತು.

ಈ ಸದ್ದನ್ನು ಪ್ಯೂರ್ ಡೇಟಾ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 4 ಸೆಕೆಂಡ್ ತಡಮಾಡಿ ಮತ್ತೆ ಕೇಳಿಸುವ ಡಿಲೇಗೆ ಹಾಕಿ, ಹೊರಬಂದದ್ದರಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಬಿಡುತ್ತೇನೆ. ತೊಂದರೆ ಶುರುವಾದದ್ದು ಇಲ್ಲೇ. ಘಟದವರು ಕೈಯೆತ್ತಿದರೆ ನಾದ ನಿಂತಿತು. ನನ್ನದು ಕೈ ತೆಗೆದರೂ ಸುತ್ತುತ್ತಲೇ ಇರುತ್ತದೆ. ಎರಡು ತಿಂಗಳು ಎಲ್ಲರನ್ನೂ ಮುಳುಗಿಸಿದೆ. ಒಂದು ದಿನ ಪಿಟೀಲಿನವರು ಕಮಾನು ಕೆಳಗಿಟ್ಟು, "ನೀವು ಬಿಟ್ರೆ ತಾನೆ ನಾವು ಎತ್ಕೊಳ್ಳೋದು ಸಾರ್?" ಅಂದರು. ಕಛೇರಿಯಲ್ಲಿ ಪಳಗಿದವರ ಮಾತು. ಹಾಡುವವರು ಕಲ್ಪನಾಸ್ವರ (ಆ ಕ್ಷಣಕ್ಕೆ ಹೊಳೆದಂತೆ ಹೆಣೆಯುವ ಸ್ವರಗಳು) ಮುಗಿಸಿ ಬಿಟ್ಟ ಜಾಗವೇ ಅಲ್ಲಿ ಪಿಟೀಲಿನ ಪಾಲು.

ಅಂದಿನಿಂದ ಬಲಗೈ ಗೂಟದ ಮೇಲೆ, ಎಡಗೈ ಸದಾ ಮತ್ತೆ ಒಳಗೆ ಬಿಡುವ ಪಾಲನ್ನು ಏರಿಳಿಸುವ ಫೀಡ್‌ಬ್ಯಾಕ್ ನಾಬ್ ಮೇಲೆ. ಸದ್ದು ಏರಿಸುವುದನ್ನು ಅಭ್ಯಾಸ ಮಾಡುವುದು ಬಿಟ್ಟು, ಇಳಿಸುವುದನ್ನೇ ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಗಕ್ಕನೆ ಕತ್ತರಿಸಿದರೆ ಉಳಿದವರು ಬೆಚ್ಚುತ್ತಾರೆ. ಮೂರು ನಾಲ್ಕು ಸುತ್ತಿನಲ್ಲಿ ಕರಗಿದರೆ ಯಾರಾದರೂ ಒಳಗೆ ಬರುತ್ತಾರೆ.

ಇದೆಲ್ಲ ನಮ್ಮ ನೆಲದ್ದಲ್ಲ ಎನ್ನುವ ಹಿರಿಯರಿಗೆ ಒಂದು ಮಾತು: ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) 1969ರಲ್ಲೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್, ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಸಜ್ಜುಮಾಡಿಕೊಟ್ಟರು. ಅಲ್ಲಿ ನುಡಿಸಿ ಟೇಪಿಗೆ ಹಾಕಿದವರಲ್ಲಿ ನಮ್ಮ ದೇಶದವರೂ ಇದ್ದರು.

ಹೋದ ಭಾನುವಾರ ಕಲ್ಲಿನ ಕೊನೆಯ ಸುತ್ತು ಇನ್ನೇನು ಅಡಗಬೇಕು, ಘಟದವರು ಬೆರಳ ತುದಿಯಲ್ಲಿ ಅದೇ ಗರಗರವನ್ನು ಎತ್ತಿಕೊಂಡರು. ನಾನು ಎರಡೂ ಕೈ ತೆಗೆದು ಕೇಳುತ್ತ ಕೂತೆ.