ತೂಕ ಬಿಟ್ಟೆ, ಬುರುಡೆ ಹಿಡಿದೆ

"ತೂಕ ಬಿಟ್ಟು ಅದೆಂಥಾ ಗಾತ್ರದ ಹೋಲಿಕೆ?" ಅಂತ ನಕ್ಕವರೇ ಈಗ ಬೇರೆ ಬೇರೆ ಕಡೆಯ ಹುಲಿಗಳ ಬುರುಡೆ ಅಳತೆಯ ನನ್ನ ಪಟ್ಟಿ ಕೇಳುತ್ತಿದ್ದಾರೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ವರ್ಷ ಹಳೇ ಶಿಕಾರಿ ದಾಖಲೆಗಳಲ್ಲಿ ಹಾಳಾಯಿತು. ಕೆಲವರು ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು ನೇರವಾಗಿ ಅಳೆದಿದ್ದಾರೆ. ಕೆಲವರು ಬೆನ್ನಿನ ಉಬ್ಬುತಗ್ಗಿನ ಮೇಲೇ ಟೇಪ್ ಎಳೆದಿದ್ದಾರೆ. ನಾನು ಎರಡನ್ನೂ ಒಂದೇ ಕಾಲಂಗೆ ತುಂಬಿದ್ದೆ! ವ್ಯತ್ಯಾಸ ಎಷ್ಟು ಬರುತ್ತದೆ ಅಂತ ಸುಮ್ನೆ ಮಲಗಿದ್ದ ನಾಯಿಯ ಮೇಲೆ ನೋಡಿದೆ. ಐದಾರು ಸೆಂಟಿಮೀಟರ್ ಜಾಸ್ತಿ ಬಂತು. ಮೂರನೇ ಅಳತೆಗೆ ಅದು ಬೇಸತ್ತು ಎದ್ದು ಹೋಯಿತು.

ತೂಕದ್ದು ಇನ್ನೂ ದೊಡ್ಡ ಮೋಸ. ಭರ್ತಿ ತಿಂದ ಹುಲಿ 20 ಕೆಜಿ ಸುಲಭವಾಗಿ ಹೆಚ್ಚು ತೂಗುತ್ತದೆ. ಸೈಬೀರಿಯಾದ 300 ಕೆಜಿ ಹುಲಿಯ ಕಥೆ ಎಲ್ಲರಿಗೂ ಬಾಯಿಪಾಠ, ಅಲ್ವಾ? ಆದರೆ ಸಂಶೋಧಕರು ರಷ್ಯಾದ ಪೂರ್ವ ತುದಿಯ ಸಿಖೋಟೆ ಅಲಿನ್ ಬೆಟ್ಟಗಳಲ್ಲಿ ಹಿಡಿದು ತೂಗಿದ ಗಂಡುಗಳ ಸರಾಸರಿ 176ರ ಆಸುಪಾಸು. ನೇಪಾಳದ ಚಿತ್ವನ್‌ನ ಗಂಡುಗಳದ್ದು 235ರ ಹತ್ತಿರ. ನಾಗರಹೊಳೆಯವೂ 200 ದಾಟಿದ್ದವು.

ಸರಿ, ಊಟಕ್ಕೆ ತಕ್ಕಂತೆ ಬದಲಾಗದ ಬುರುಡೆ ಅಳೆಯೋಣ ಅಂತ ಎರಡು ತಿಂಗಳ ಉಳಿತಾಯ ಸುರಿದು 30 ಸೆಂಟಿಮೀಟರಿನ ಕ್ಯಾಲಿಪರ್ (ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ) ಕೊಂಡೆ. ಮೊದಲ ಬಂಗಾಳದ ಗಂಡೇ ಅದರ ಬಾಯಿಗೆ ಹಿಡಿಸಲಿಲ್ಲ. ಮತ್ತೆ ಸಾಲ, ಮತ್ತೆ 60ರದ್ದು. ಒಂದು ಸಂಗ್ರಹಾಲಯದಲ್ಲಂತೂ ಚೀಟಿಯ ಮೇಲೆ ಬರೀ "ಹುಲಿ" ಅಂತಿತ್ತು, ಎಲ್ಲಿಯದು ಅಂತ ಇರಲಿಲ್ಲ. ಪ್ರಯಾಣದ ಖರ್ಚು ನೀರುಪಾಲು.

ಮೃಗಾಲಯದ ಬುರುಡೆಗಳನ್ನೆಲ್ಲ ಕಿತ್ತುಹಾಕಿ, ಗಂಡು ಹೆಣ್ಣು ಬೇರೆ ಮಾಡಿ, ಬುರುಡೆಯ ಮೂಳೆಗಳ ಬೆಸುಗೆ ಪೂರ್ತಿ ಕೂಡಿದವನ್ನು, ಅಂದರೆ ಪೂರ್ತಿ ಬೆಳೆದವನ್ನು ಮಾತ್ರ ಇಟ್ಟುಕೊಂಡ ಮೇಲೆ ಪಟ್ಟಿ ಮಾತಾಡತೊಡಗಿತು. ಮೂತಿಯ ತುದಿ ಮುರಿದವನ್ನೂ ಲೆಕ್ಕಕ್ಕೆ ತರುವ ಉಪಾಯ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಬುರುಡೆಯ ಉದ್ದ ನೆನಪಿನಿಂದ ಹೇಳುವುದಾದರೆ, ಅಮೂರ್ (ಅಂದರೆ ಸೈಬೀರಿಯಾದ) ಗಂಡು 34ರಿಂದ 38 ಸೆಂಟಿಮೀಟರ್, ಬಂಗಾಳದ್ದು 33ರಿಂದ 38. ಯಾವುದು ದೊಡ್ಡದು ಅಂತ ಜಗಳ ಆಡುವವರಿಗೆ ಇಲ್ಲಿ ಜಾಗವೇ ಇಲ್ಲ. ಸುಮಾತ್ರಾಕ್ಕೆ ಬಂದರೆ 30ರಿಂದ 33ಕ್ಕೆ ಇಳಿಯುತ್ತದೆ. ಇಡೀ ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವ ಬಿರುಕು ಅದೊಂದೇ. ಖಂಡದ್ದೊಂದು, ಸುಮಾತ್ರಾ ಸೇರಿದ ಸುಂದಾ ದ್ವೀಪಗಳದ್ದೊಂದು ಅಂತ ಎರಡೇ ಉಪಜಾತಿ ಸಾಕು ಎಂದು 2017ರಲ್ಲಿ ತಜ್ಞರು ಹೇಳಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ತಲೆ ಕೆಡಿಸಿದ್ದು ಸುಂದರಬನದ ಹೆಣ್ಣುಗಳು. ಹೆಸರಿಗೆ ಬಂಗಾಳದವು. ಆದರೆ ತೂಕ ಬರೀ 75-80 ಕೆಜಿ, ಸುಮಾತ್ರಾದ ಹೆಣ್ಣುಗಳಷ್ಟೇ. ಅವಕ್ಕೆ ಪ್ರತ್ಯೇಕ ಕಾಲಂ ಹಾಕಿದ್ದೇನೆ. ಆ ಕಾಲಂಗೆ ಹಳೇ 30ರ ಕ್ಯಾಲಿಪರೇ ಸಾಕು.